ಹಳೆಯ ಅಲ್ಯೂಮಿನಿಯಂ ಮೀನುಗಾರಿಕೆ ದೋಣಿ: ಬಣ್ಣಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳು

ಹಳೆಯ ಅಲ್ಯೂಮಿನಿಯಂ ದೋಣಿ ಕೈಗೆ ಬಂದೊಡನೆ ಹೆಚ್ಚಿನವರ ಮನಸ್ಸು ಬಣ್ಣದ ಕಡೆಗೆ ಓಡುತ್ತದೆ. ನಾನು ಮೊದಲು ದೋಣಿ ಹೊತ್ತೊಯ್ಯುವ ಟ್ರೇಲರಿನ ಚಕ್ರ ಬಿಚ್ಚುತ್ತೇನೆ. ದೋಣಿ ಸೋರಿದರೆ ದಡದ ಹತ್ತಿರವೇ ತಿಳಿಯುತ್ತದೆ. ಚಕ್ರ ಕಳಚಿಕೊಳ್ಳುವುದು ವೇಗವಾಗಿ ಹೋಗುತ್ತಿರುವಾಗ, ಹಿಂದೆ ವಾಹನಗಳಿರುವಾಗ.

ಜಾಕ್ ಕೊಟ್ಟು ಚಕ್ರ ಎತ್ತಿ ತಿರುಗಿಸಿ ನೋಡಿ. ಗರಗರ ಸದ್ದು ಬಂದರೆ ಬೇರಿಂಗ್ ಕೆಟ್ಟಿದೆ. ಸದ್ದು ಬರದಿದ್ದರೂ ಬಿಚ್ಚಿ, ಏಕೆಂದರೆ ಹಿಂದಿನವರು ಕೊನೆಯ ಬಾರಿ ಯಾವಾಗ ಗ್ರೀಸ್ ಹಾಕಿದ್ದರೋ ಯಾರಿಗೂ ನೆನಪಿರುವುದಿಲ್ಲ. ಮುಚ್ಚಳ, ನಟ್ ಕಳಚದಂತೆ ತಡೆಯುವ ಕಾಟರ್ ಪಿನ್, ನಟ್, ವಾಷರ್, ಹೊರಗಿನ ಬೇರಿಂಗ್ ಎಲ್ಲವನ್ನೂ ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಇಡಿ. ಒಳಗಿನ ಗ್ರೀಸ್ ಹಾಲು ಹಾಕಿದ ಕಾಫಿಯಂತೆ ಕಂಡರೆ ನೀರು ಸೇರಿದೆ ಎಂದರ್ಥ. ಓಡಿ ಬಿಸಿಯಾದ ಹಬ್ (ಬೇರಿಂಗ್ ಕೂರುವ ಚಕ್ರದ ನಡುಭಾಗ) ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ನೀರು ತಡೆಯಬೇಕಾದ, ಆದರೆ ಸವೆದ ಸೀಲ್‌ನ ಅಂಚಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ದೋಣಿ ಇಳಿಸುವ ಮೊದಲು ಸ್ವಲ್ಪ ಹೊತ್ತು ಕಾಯಬೇಕೆಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಬೆಳಕಿಗೆ ಹಿಡಿಯಿರಿ. ರೋಲರ್ ಮೇಲೆ ಚಿಕ್ಕ ಗುಳಿಯೋ ನೀಲಿ ಛಾಯೆಯೋ ಕಂಡರೆ, ಹಬ್ಬಿನೊಳಗಿನ ರೇಸ್ (ರೋಲರುಗಳು ಓಡುವ ಉಕ್ಕಿನ ಬಳೆ) ಸಹಿತ ಬದಲಿಸಿ. ಹೊಸ ಬೇರಿಂಗ್ ಹಳೆಯ ರೇಸ್‌ನಲ್ಲಿ ಬಾಳುವುದಿಲ್ಲ. ಗ್ರೀಸ್ ತುಂಬುವಾಗ ಹೊರಗೆ ಸವರಿದರೆ ಸಾಲದು. ಅಂಗೈಯಲ್ಲಿ ನೀರು ತಡೆಯುವ ಗ್ರೀಸ್ ಒಂದು ಮುದ್ದೆ ಇಟ್ಟುಕೊಂಡು, ಬೇರಿಂಗಿನ ಅಗಲವಾದ ಅಂಚನ್ನು ಅದಕ್ಕೆ ಒತ್ತುತ್ತಾ ಒತ್ತುತ್ತಾ ಹೋಗಿ. ರೋಲರುಗಳ ನಡುವಿನಿಂದ ಗ್ರೀಸ್ ಮೇಲಕ್ಕೆ ಉಕ್ಕಿ ಬಂದಾಗ ಆ ಭಾಗ ತುಂಬಿದೆ. ಸುತ್ತಲೂ ಹಾಗೆಯೇ ಮಾಡಿ. ಸೀಲ್ ಯಾವಾಗಲೂ ಹೊಸದೇ ಇರಲಿ. ಹಬ್ ತಿರುಗಿಸುತ್ತಲೇ ನಟ್ ಬಿಗಿ ಮಾಡಿ, ಮತ್ತೆ ಸಡಿಲಿಸಿ, ಕೊನೆಗೆ ಬೆರಳಿನಲ್ಲಿ ಸಿಗುವಷ್ಟೇ ಬಿಗಿ ಕೊಟ್ಟು ಹೊಸ ಪಿನ್ ಹಾಕಿ.

ಟೈರಿನ ಬದಿಯಲ್ಲಿ ತಯಾರಿಕೆಯ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರ್. ಟ್ರೇಲರ್ ಟೈರ್ ಸವೆದು ಹೋಗುವುದಕ್ಕಿಂತ ನಿಂತಲ್ಲೇ ಬಿರುಕು ಬಿಟ್ಟು ಹಾಳಾಗುವುದೇ ಹೆಚ್ಚು. ಚೌಕಟ್ಟಿನ ಪೈಪುಗಳನ್ನು ಸುತ್ತಿಗೆಯಿಂದ ಬಡಿಯುತ್ತಾ ಬನ್ನಿ. ಸದ್ದು ಮಂಕಾದಲ್ಲಿ ಒಳಗಿನಿಂದ ತುಕ್ಕು ತಿಂದಿರುತ್ತದೆ. ಅಲ್ಲಿ ಬಣ್ಣ ಬಳಿಯಬೇಡಿ, ಆ ತುಂಡನ್ನೇ ಬದಲಿಸಿ. ದೀಪಗಳು ಮಿನುಗುತ್ತಿದ್ದರೆ ಮೊದಲು ಅರ್ತ್ ತಂತಿ ನೋಡಿ.

ಈಗ ದೋಣಿ. ಅದು ಟ್ರೇಲರಿನ ಮೇಲೆ ಗಟ್ಟಿಯಾಗಿ ಕೂತಿರುವಾಗಲೇ ನೀರು ಹೊರಬಿಡುವ ತೂತಿಗೆ ಬಿರಡೆ ಹಾಕಿ ತಳದಲ್ಲಿ ಕೆಲವು ಅಂಗುಲ ನೀರು ತುಂಬಿ. ಹೆಚ್ಚು ಬೇಡ, ಪ್ರತಿ ಲೀಟರಿಗೂ ಒಂದು ಕಿಲೋ ತೂಕ ಏರುತ್ತದೆ. ಹೊರಗಿನಿಂದ ಒಣಬಟ್ಟೆಯಲ್ಲಿ ಒರೆಸಿ, ಕೆಳಗೆ ಮಲಗಿ ನೋಡಿ. ಹನಿ ಬೀಳುವ ಜಾಗವೇ ತೂತಿನ ಜಾಗವಲ್ಲ. ನೀರು ಹೊಲಿಗೆಯಗುಂಟ ಹರಿದು ಬಂದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ಒರೆಸಿದ ಮೇಲೆ ಮೊಟ್ಟಮೊದಲು ಯಾವ ರಿವೆಟ್ಟಿನ (ತಗಡುಗಳನ್ನು ಜೋಡಿಸುವ ಲೋಹದ ಮೊಳೆ) ಸುತ್ತ ತೇವ ಮೂಡುತ್ತದೋ ಅದಕ್ಕೆ ಸುತ್ತು ಹಾಕಿ ಗುರುತು ಮಾಡಿ.

ಸಡಿಲವಾದ ರಿವೆಟ್ ಬಿಗಿಗೊಳಿಸಲು ಇಬ್ಬರು ಬೇಕು. ಒಬ್ಬರು ಹೊರಗಿನಿಂದ ತಲೆಗೆ ಭಾರವಾದ ಉಕ್ಕಿನ ತುಂಡು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಒಳಗಿನಿಂದ ಬಾಲಕ್ಕೆ ಚಿಕ್ಕ ಚಿಕ್ಕ ಏಟು ಕೊಡಬೇಕು. ಅದಕ್ಕೂ ಬಗ್ಗದಿದ್ದರೆ ಕೊರೆದು ತೆಗೆದು, ಪಾಲಿಯುರೆಥೇನ್ ಸೀಲಂಟಿನಲ್ಲಿ ಅದ್ದಿದ ಹೊಸದನ್ನು ಹಾಕಿ. ಒಳಗೆ ಕೈ ಹೋಗದ ಕಡೆ ಒಂದೇ ಬದಿಯಿಂದ ಕೂರಿಸಬಹುದಾದ ಪಾಪ್ ರಿವೆಟ್ ಬಳಸಬಹುದು, ಆದರೆ ತುದಿ ಮುಚ್ಚಿರುವ ಬಗೆಯದೇ ಬೇಕು; ಸಾಮಾನ್ಯ ಪಾಪ್ ರಿವೆಟ್ಟಿನ ನಡುವೆಯೇ ನೀರಿಗೆ ದಾರಿ ಇದೆ. ಸಿಲಿಕೋನ್ ಮಾತ್ರ ತರಬೇಡಿ. ನನ್ನ ದೋಣಿಯ ಹಿಂದಿನ ಒಡೆಯರು ಅದನ್ನು ಧಾರಾಳವಾಗಿ ಬಳಿದಿದ್ದರು; ಅದರ ಮೇಲೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಸೀಲಂಟೂ ನಿಲ್ಲುವುದಿಲ್ಲ, ಕೆರೆದು ತೆಗೆಯುವುದೇ ದೊಡ್ಡ ಕೆಲಸ.

ಅಲ್ಯೂಮಿನಿಯಂ ತಾನಾಗಿ ಬೇಗ ಹಾಳಾಗುವ ಲೋಹವಲ್ಲ. ಅದರ ಪಕ್ಕದಲ್ಲಿ ಏನನ್ನು ಕೂರಿಸಿದ್ದಾರೆ ಎಂಬುದೇ ಅದರ ಆಯುಸ್ಸನ್ನು ನಿರ್ಧರಿಸುತ್ತದೆ. ಒದ್ದೆಯಲ್ಲಿ ತಾಮ್ರ, ಹಿತ್ತಾಳೆ ತಾಗಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕರಗುತ್ತದೆ. ವೈರಿಂಗ್ ಮುಗಿಸಿದಾಗ ತಳದಲ್ಲಿ ತಾಮ್ರದ ತಂತಿಯ ಒಂದು ಚೂರೂ ಉಳಿಯಬಾರದು. ಗೆದ್ದಲು, ಕೊಳೆ ಹಿಡಿಯದಿರಲೆಂದು ತಾಮ್ರದ ರಾಸಾಯನಿಕ ಕುಡಿಸಿದ ಮರ ಅಂಗಡಿಯಲ್ಲಿ ಸಿಗುತ್ತದೆ. ನೆಲಕ್ಕಾಗಲಿ, ದೋಣಿ ಕೂರುವ ಟ್ರೇಲರಿನ ಹಲಗೆಗಾಗಲಿ ಅದನ್ನು ಬಳಸಿದರೆ ತಳದಲ್ಲಿ ತೂತು ಖಚಿತ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಸರಿ, ಆದರೆ ಅದಕ್ಕೂ ಲೋಹಕ್ಕೂ ನಡುವೆ ಸೀಲಂಟ್ ಇರಲಿ.

ಹಿಂಬದಿಯಲ್ಲಿ ಮೋಟಾರ್ ಕಚ್ಚುವ ಟ್ರಾನ್ಸಮ್‌ನೊಳಗೆ ಮರ ಇರುತ್ತದೆ. ಮೋಟಾರ್ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ತಗಡು ಬಾಗಿದರೆ ಆ ಮರದ ಕಥೆ ಮುಗಿದಿದೆ. ನನ್ನ ಹದಿನಾಲ್ಕು ಅಡಿಯ ದೋಣಿಯಲ್ಲಿ ಅದು ಕೈಯಲ್ಲಿ ಹಿಡಿದರೆ ಉದುರುವ ಕಪ್ಪು ಪುಡಿಯಾಗಿತ್ತು. ಹಳೆಯ ತುಂಡನ್ನು ಎಸೆಯಬೇಡಿ, ಅದೇ ನಿಮ್ಮ ಅಚ್ಚು. ದಪ್ಪ ಅಳೆಯಿರಿ, ಅನೇಕ ದೋಣಿಗಳಲ್ಲಿ ಸುಮಾರು 38 ಮಿಲಿಮೀಟರ್, ಅಂದರೆ 19 ಮಿಲಿಮೀಟರಿನ ಎರಡು ಮರೀನ್ ಪ್ಲೈವುಡ್ ಹಾಳೆಗಳನ್ನು ಎಪಾಕ್ಸಿಯಿಂದ ಅಂಟಿಸಿದರೆ ಸರಿಹೋಗುತ್ತದೆ. ನೀರು ಒಳಹೋಗುವುದು ಅಂಚಿನಿಂದ ಮತ್ತು ಬೋಲ್ಟಿನ ತೂತಿನಿಂದ. ಅಂಚಿಗೆ ಕುಡಿಯುವಷ್ಟು ಎಪಾಕ್ಸಿ ಕೊಡಿ. ತೂತನ್ನು ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೆಯಿರಿ. ಆಗ ಬೋಲ್ಟ್ ಮರವನ್ನು ಮುಟ್ಟುವುದೇ ಇಲ್ಲ.

ಆಸನದಡಿಯ ಫೋಮ್ ಎತ್ತಿ ನೋಡಿ. ಭಾರವಾಗಿದ್ದರೆ ನೀರು ಕುಡಿದಿದೆ. ತೆಗೆದಷ್ಟನ್ನಾದರೂ ನೀರು ಹೀರದ ಹೊಸ ಫೋಮಿನಿಂದ ತುಂಬಿ. ಸಾಮಾನು ಇಡಲು ಜಾಗವಾಯಿತೆಂದು ಅದನ್ನು ಖಾಲಿ ಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನೀರು ತುಂಬಿದ ಲೋಹದ ದೋಣಿಯನ್ನು ತೇಲಿಸುವುದು ಆ ಫೋಮ್ ಒಂದೇ.

ಇಷ್ಟಾದ ಮೇಲೆ ಬಣ್ಣ. ಸಿಹಿನೀರಿನ ದೋಣಿಯಾದರೆ ಬಣ್ಣವಿಲ್ಲದೆಯೂ ನಡೆಯುತ್ತದೆ. ಬಳಿಯುವುದಾದರೆ ಕಾಸ್ಟಿಕ್ ಸೋಡಾ ಇರುವ ಸ್ಟ್ರಿಪ್ಪರ್ ಬೇಡ, ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಸಾಮಾನ್ಯ ಉಕ್ಕಿನ ಬ್ರಷ್ಷೂ ಬೇಡ, ಅದರ ಕಣಗಳು ಮೈಯಲ್ಲಿ ಹೂತು ತುಕ್ಕು ಹಿಡಿಯುತ್ತವೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒದ್ದೆ ಮಾಡಿಕೊಂಡೇ ಉಜ್ಜಿ, ಮಾಸ್ಕ್ ಹಾಕಿ. ಉಜ್ಜಿದ ದಿನವೇ ಎಚಿಂಗ್ ಪ್ರೈಮರ್ (ಲೋಹವನ್ನು ಕಚ್ಚಿ ಹಿಡಿಯುವ ತಳಬಣ್ಣ) ಕೊಡಿ, ತಡವಾದರೆ ಆಕ್ಸೈಡ್ ಪದರ ಮತ್ತೆ ಬೆಳೆದು ಬಣ್ಣ ಸಿಪ್ಪೆ ಏಳುತ್ತದೆ. ಒಳಗೆ ಹೊಳಪಿಲ್ಲದ ತಿಳಿಬೂದು ನನ್ನ ಆಯ್ಕೆ: ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ, ಕಾಲೂ ಸುಡುವುದಿಲ್ಲ.

ಮೊದಲ ಬಾರಿ ನೀರಿಗೆ ಹೊರಟಾಗ ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಎರಡೂ ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ನಟ್ ಬಿಗಿ ಹೆಚ್ಚಾಗಿದೆ, ಅಲ್ಲೇ ಸಡಿಲಿಸಿ. ಗ್ರೀಸ್, ಒಂದು ಜೊತೆ ಬೇರಿಂಗ್, ಸೀಲ್ ಮತ್ತು ಕಾಟರ್ ಪಿನ್‌ಗಳ ಡಬ್ಬಿ ಯಾವಾಗಲೂ ವಾಹನದಲ್ಲಿರಲಿ.