ಬೆನ್ನೆಲುಬಿನ ಎಬಿಸಿ: ಚಾಕು ಬಿಟ್ಟು ಸೂಜಿ ಹಿಡಿದ ಮೇಲೆ

ಬೆನ್ನೆಲುಬಿನಲ್ಲಿ ಮರುಕಳಿಸಿದ ಎಬಿಸಿಗೆ, ಅಂದರೆ ಮೂಳೆಯೊಳಗೆ ರಕ್ತ ತುಂಬಿದ ಕೋಣೆಗಳಾಗಿ ಉಬ್ಬೋ ಅನ್ಯೂರಿಸ್ಮಲ್ ಬೋನ್ ಸಿಸ್ಟ್‌ಗೆ, ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯೋಟಿಕ್ ಚುಚ್ಚುತ್ತೇನೆ ಅಂದಾಗ ನಮ್ಮ ಕೇಸ್ ಮೀಟಿಂಗಿನಲ್ಲಿ ನಕ್ಕವರೇ ಜಾಸ್ತಿ. "ಮೊಡವೆಗೆ ಕೊಡೋ ಔಷಧಿಯಿಂದ ಸ್ಪೈನ್ ಟ್ಯೂಮರ್ ವಾಸಿ ಮಾಡ್ತೀಯೇನೋ?" ಅಂತ ಹಿರಿಯರೊಬ್ಬರು ಕೇಳಿದರು. ಈಗ ಅವರೇ ಕೇಸ್ ಕಳಿಸುತ್ತಾರೆ. ಬರೆಯೋದಕ್ಕೆ ಅದೂ ಒಂದು ಕಾರಣ. ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ.

1942ರಲ್ಲಿ ಜಾಫೆ ಮತ್ತು ಲಿಕ್ಟೆನ್‌ಸ್ಟೈನ್ ಅನ್ನೋ ವೈದ್ಯರು ಎಬಿಸಿಯನ್ನು ಬೇರೆ ರೋಗ ಅಂತ ಗುರುತಿಸಿದ ಮೇಲೆ ಎಷ್ಟೋ ವರ್ಷ ಎಲ್ಲರೂ ಬರೀ ರಕ್ತ ತುಂಬಿದ ಚೀಲ ಅಂದುಕೊಂಡಿದ್ದರು. 2004ರಲ್ಲಿ ಯುಎಸ್‌ಪಿ6 ಅನ್ನೋ ಜೀನ್ ಕೆಟ್ಟು ಇದು ಬರುತ್ತೆ ಅನ್ನೋ ವಿಷಯ ಹೊರಬಂದ ಮೇಲೆ ಇದು ನಿಜವಾದ ಗಡ್ಡೆ ಅಂತ ಒಪ್ಪಬೇಕಾಯಿತು. ಗೋಡೆಯಲ್ಲಿ ಜೀವಕೋಶ ಉಳಿದರೆ ಮತ್ತೆ ಬೆಳೆಯುತ್ತೆ. ತೊಡೆ ಮೂಳೆಯಾದರೆ ಸುತ್ತಲೂ ಬರ್ (ಮೂಳೆ ಕೆರೆಯೋ ಡ್ರಿಲ್) ಹಾಕಿ ಕೆರೆಯಬಹುದು, ಉಳಿದ ಜೀವಕೋಶ ಸುಡೋ ಫೀನಾಲ್ ಹಚ್ಚಬಹುದು, ಸಿಮೆಂಟ್ ತುಂಬಬಹುದು. ಬೆನ್ನೆಲುಬಿನಲ್ಲಿ ಒಂದು ಗೋಡೆ ಬೆನ್ನುಹುರಿಯ ಪೊರೆಗೆ, ಅಂದರೆ ಡ್ಯೂರಾಗೆ, ಅಂಟಿಕೊಂಡಿರುತ್ತೆ. ಅಲ್ಲಿ ಬರ್ ನಿಲ್ಲಿಸಲೇಬೇಕು. ಗಡ್ಡೆ ಮರುಕಳಿಸೋದೂ ಅಲ್ಲಿಂದಲೇ.

ನನ್ನ ದಾರಿ ಬದಲಿಸಿದ್ದು ಗದಗ ಕಡೆಯ ಒಬ್ಬ ಹುಡುಗ. ವಯಸ್ಸು 13ರ ಆಸುಪಾಸು. ಗಡ್ಡೆ ಇದ್ದದ್ದು ಟಿ11ರ, ಅಂದರೆ ಎದೆಯ ಹಿಂದಿನ ಹನ್ನೊಂದನೇ ಬೆನ್ನುಮೂಳೆಯ ಹಿಂಭಾಗ, ಎಡ ಪೆಡಿಕಲ್ (ಹಿಂದು ಮುಂದು ಜೋಡಿಸೋ ಕಂಬ), ಅಲ್ಲಿಂದ ಮುಂದಿನ ದಪ್ಪ ಭಾಗವಾದ ಬಾಡಿಯೊಳಗೂ ಹೊಕ್ಕಿತ್ತು. ಬೇರೆ ಕಡೆ ಒಮ್ಮೆ ಆಪರೇಷನ್ ಆಗಿ, ಮರುಕಳಿಸಿ ನನ್ನ ಹತ್ತಿರ ಬಂದ. ನಾನು ಇನ್ನೂ ಚೆನ್ನಾಗಿ ಕೆರೆದೆ, ಸ್ಕ್ರೂ ರಾಡ್ ಹಾಕಿದೆ. ಸುಮಾರು ಎರಡು ಲೀಟರ್ ರಕ್ತ ಹೋಯಿತು. ಎಂಟು ತಿಂಗಳ ಹೊತ್ತಿಗೆ ಎಂಆರ್‌ಐನಲ್ಲಿ ಮತ್ತೆ ಅದೇ ಫ್ಲೂಯಿಡ್ ಲೆವೆಲ್‌ಗಳು, ಕೋಣೆಗಳಲ್ಲಿ ಪದರಪದರವಾಗಿ ನಿಂತ ರಕ್ತ. ಅದೂ ಟೈಟಾನಿಯಂ ಸ್ಕ್ರೂಗಳ ನೆರಳಿನ ಅಂಚಿನಲ್ಲಿ, ಕಂಡೂ ಕಾಣದ ಹಾಗೆ. ಎರಡೂ ಆಪರೇಷನ್ ಸೇರಿ ನಾಲ್ಕೈದು ಲಕ್ಷ ಆಗಿತ್ತು, ಹೊಲ ಅಡವಿಟ್ಟಿದ್ದರು. "ಸಾಹೇಬ್ರ, ಮತ್ತ ಕೊಯ್ತೀರೇನ್ರೀ?" ಅಂತ ತಾಯಿ ಕೇಳಿದರು. ಇಲ್ಲಮ್ಮ ಅಂದೆ. ಬದಲಿಗೆ ಏನು ಮಾಡಬೇಕು ಅಂತ ಆವತ್ತು ನನಗೂ ಗೊತ್ತಿರಲಿಲ್ಲ.

ಮೊದಲು ಎಂಬೊಲೈಸೇಶನ್, ಅಂದರೆ ಗಡ್ಡೆಗೆ ರಕ್ತ ಕೊಡೋ ನಾಳ ಮುಚ್ಚೋದು. ಎಡ ಟಿ11ರ ನಾಳದ ಆಂಜಿಯೋ ತೆಗೆದರೆ ಅದರಿಂದಲೇ ಆ್ಯಡಮ್‌ಕೀವಿಚ್, ಅಂದರೆ ಬೆನ್ನುಹುರಿಗೆ ರಕ್ತ ಕೊಡೋ ಮುಖ್ಯ ನಾಳ, ಹೊರಟಿತ್ತು. ಹೇರ್‌ಪಿನ್ ತಿರುವು ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಿ ಗ್ಲೂ ಹಾಕಿದರೆ ಹುಡುಗ ಮತ್ತೆ ಎದ್ದು ನಡೆಯೋದಿಲ್ಲ. ರೇಡಿಯಾಲಜಿ ಗೆಳೆಯ ಟಿ10ರ ಒಂದು ಕವಲನ್ನು ಮಾತ್ರ ಪಿವಿಎ ಅನ್ನೋ ಸಣ್ಣ ಪ್ಲಾಸ್ಟಿಕ್ ಕಣಗಳಿಂದ ಮುಚ್ಚಿದ. ನೋವು ಮೂರು ತಿಂಗಳು ಇಳಿಯಿತು, ಮತ್ತೆ ಏರಿತು. ಕ್ಯಾಥ್ ಲ್ಯಾಬ್ ಬಿಲ್ ಒಂದು ಲಕ್ಷದ ಹತ್ತಿರ.

ರೇಡಿಯೇಶನ್ ಕೊಡಿ ಅಂದವರೂ ಇದ್ದರು. ಬೆಳೆಯೋ ಮಗುವಿಗೆ ಮುಂದೆ ಅದೇ ಜಾಗದಲ್ಲಿ ಸಾರ್ಕೋಮಾ ಅನ್ನೋ ಕ್ಯಾನ್ಸರ್ ಬಂದರೆ? ಆ ಮಾತು ಅಲ್ಲಿಗೇ ಬಿಟ್ಟೆ.

ಮೂಳೆ ಕರಗೋದನ್ನು ತಡೆಯೋ ಇಂಜೆಕ್ಷನ್ ಡೆನೋಸುಮ್ಯಾಬ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಜೈಂಟ್ ಸೆಲ್ ಟ್ಯೂಮರ್ ಅನ್ನೋ ಇನ್ನೊಂದು ಮೂಳೆ ಗಡ್ಡೆಗೆ ಕೊಡೋ 120 ಮಿಗ್ರಾಂ ಲೆಕ್ಕದಲ್ಲೇ ಬೆನ್ನೆಲುಬಿನ ಬುಡದ ಸೇಕ್ರಂನಲ್ಲಿ ಎಬಿಸಿ ಇದ್ದ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿಗೆ ಕೊಟ್ಟಿದ್ದೆ. ಎರಡನೇ ತಿಂಗಳಿಗೇ ನೋವು ಮಾಯ, ಸಿಟಿಯಲ್ಲಿ ಹೊಸ ಮೂಳೆಯ ಸೊಗಸಾದ ಬಿಳಿ ಅಂಚು. ನಿಲ್ಲಿಸಿದ ಮೇಲೆ ಅರ್ಧ ವರ್ಷದಲ್ಲಿ ಆ ಅಂಚು ಮತ್ತೆ ಕರಗಿತು. ಇನ್ನೊಬ್ಬ ಚಿಕ್ಕ ಹುಡುಗ ಔಷಧಿ ನಿಂತ ಮೇಲೆ ವಾಂತಿ ಅಂತ ಬಂದ. ರಕ್ತದ ಕ್ಯಾಲ್ಸಿಯಂ 14 ದಾಟಿ ಅಪಾಯದ ಮಟ್ಟ ಮುಟ್ಟಿತ್ತು. ಡ್ರಿಪ್, ಅದನ್ನು ಇಳಿಸೋ ಝೋಲೆಡ್ರೊನೇಟ್, ವಾರಗಟ್ಟಲೆ ಅಡ್ಮಿಷನ್. ಮಕ್ಕಳಲ್ಲಿ ಈ ರೀಬೌಂಡ್ ಆಗುತ್ತೆ ಅಂತ ಓದಿರುತ್ತೇವೆ. ಎದುರಿಗೆ ನೋಡಿದ ಮೇಲೆ ಕೈ ಹಿಂದೆ ಹೋಗುತ್ತೆ. ಬಯೋಸಿಮಿಲರ್ (ಮೂಲ ಔಷಧಿಯ ಅಗ್ಗದ ಪ್ರತಿ) ಬಂದು ಬೆಲೆ ಇಳಿದಿದೆ ನಿಜ, ಆದರೆ ಯಾವಾಗ ನಿಲ್ಲಿಸಬೇಕು ಅನ್ನೋ ಪ್ರಶ್ನೆ ಹಾಗೇ ಇದೆ.

ಗಡ್ಡೆಯೊಳಗೆ ಚುಚ್ಚಿ ಅದನ್ನು ಒಣಗಿಸೋ (ಸ್ಕ್ಲೆರೊಥೆರಪಿ) ಔಷಧಿ ಪಾಲಿಡೊಕೆನಾಲ್ ಕೂಡ ನೋಡಿದೆ. ದೆಹಲಿಯ ಏಮ್ಸ್‌ನವರು 2006ರಲ್ಲಿ 72 ಎಬಿಸಿ ಕೇಸುಗಳ ಫಲಿತಾಂಶ ಪ್ರಕಟಿಸಿದ್ದರಲ್ಲ, ಅದನ್ನು ಓದಿ ಹಿಮ್ಮಡಿ ಮೂಳೆ, ಸೊಂಟದ ಮೂಳೆಗೆ ನಾನೂ ಬಳಸಿದ್ದೇನೆ. ಚೆನ್ನಾಗಿದೆ, ಅಗ್ಗ. ಬೆನ್ನೆಲುಬಿನಲ್ಲಿ ಮಾತ್ರ ಧೈರ್ಯ ಬರಲಿಲ್ಲ. ನೀರಿನ ಹಾಗಿರೋ ಔಷಧಿಗೆ ಎಪಿಡ್ಯೂರಲ್ ವೇನ್, ಅಂದರೆ ಡ್ಯೂರಾ ಸುತ್ತಲಿನ ರಕ್ತನಾಳ, ಸಿಕ್ಕಿದರೆ ಎಲ್ಲಿಗೆ ಹೋಗುತ್ತೆ ಅಂತ ಹೇಳೋಕಾಗಲ್ಲ. ಸಿ2ರ (ಕತ್ತಿನ ಎರಡನೇ ಮೂಳೆಯ) ಎಬಿಸಿಗೆ ಎಥಿಬ್ಲಾಕ್ ಅನ್ನೋ ಇನ್ನೊಂದು ಔಷಧಿ ಚುಚ್ಚಿದಾಗ ಅದು ಮೆದುಳಿನ ಹಿಂಭಾಗದ ರಕ್ತನಾಳಕ್ಕೆ ಹೋಗಿ ರೋಗಿ ಸತ್ತದ್ದು ಜರ್ನಲ್‌ನಲ್ಲೇ ಇದೆ. ಆದ್ದರಿಂದ ಇವತ್ತಿಗೂ ನಾನು ಕತ್ತಿನ ಎಬಿಸಿಗೆ ಏನನ್ನೂ ಚುಚ್ಚೋದಿಲ್ಲ.

ನನಗೆ ಬೇಕಿದ್ದದ್ದು ಹಾಕಿದ ಜಾಗದಲ್ಲೇ ಕೂರೋ ಔಷಧಿ. ಒಹಾಯೊದ ಕೊಲಂಬಸ್‌ನ ಮಕ್ಕಳ ಆಸ್ಪತ್ರೆಯವರು ಡಾಕ್ಸಿಯನ್ನು, ಅಂದರೆ ಡಾಕ್ಸಿಸೈಕ್ಲಿನ್ನನ್ನು, ರಕ್ತದ ಪ್ರೋಟೀನಾದ ಆಲ್ಬುಮಿನ್ ಜೊತೆ ನೊರೆ ಮಾಡಿ ಚುಚ್ಚಿ, 2013ರಲ್ಲಿ 20ರಷ್ಟು ರೋಗಿಗಳ ಲೆಕ್ಕ ಕೊಟ್ಟಿದ್ದರು. ಶುರು ಮಾಡಿದ್ದು ಅದನ್ನೇ ಹಿಡಿದು.

ಬಯಾಪ್ಸಿ ಇಲ್ಲದೆ ಸೂಜಿ ಮುಟ್ಟೋದಿಲ್ಲ. ಟೆಲಾಂಜಿಯೆಕ್ಟಾಟಿಕ್ ಆಸ್ಟಿಯೋಸಾರ್ಕೋಮಾ ಅನ್ನೋ ಮೂಳೆ ಕ್ಯಾನ್ಸರ್ ಎಂಆರ್‌ಐನಲ್ಲಿ ಥೇಟ್ ಹೀಗೇ ಕಾಣುತ್ತೆ. ಕಾಲಿನ ಶಕ್ತಿ ದಿನೇದಿನೇ ಕುಗ್ಗುತ್ತಿದ್ದರೆ, ಅಥವಾ ಮೂಳೆ ಕುಸಿದು ನಿಲ್ಲದ ಸ್ಥಿತಿ ಇದ್ದರೆ, ಅದು ಆಪರೇಷನ್ ಕೇಸ್. ಉಳಿದವರಿಗೆ ಸಿಟಿ ಟೇಬಲ್ ಮೇಲೆ, ಜಿಎ (ಪೂರ್ತಿ ಅರಿವಳಿಕೆ) ಕೊಟ್ಟೇ ಮಾಡುತ್ತೇನೆ. ಎಚ್ಚರ ಇರೋ ಮಗು ಈ ನೋವು ತಡೆಯೋದಿಲ್ಲ.

ಒಂದೇ ಕೋಣೆಗೆ ಎರಡು ಸೂಜಿ, ಒಂದು ಒಳಗೆ ಹಾಕೋಕೆ, ಇನ್ನೊಂದು ಒತ್ತಡ ಹೊರಗೆ ಬಿಡೋಕೆ. ಎಳೆದರೆ ಕಪ್ಪುಗೆಂಪು ರಕ್ತ ಬರುತ್ತೆ. ಆಮೇಲೆ ಕಾಂಟ್ರಾಸ್ಟ್, ಅಂದರೆ ಸಿಟಿಯಲ್ಲಿ ಎದ್ದು ಕಾಣೋ ದ್ರವ. ಅದು ಎಪಿಡ್ಯೂರಲ್ ವೇನ್‌ಗೆ ಹರಿದರೆ ಆ ಕೋಣೆಗೆ ಆವತ್ತು ರಜೆ. ಹರಿಯದಿದ್ದರೆ ನೊರೆ. ಡಾಕ್ಸಿ 100 ಮಿಗ್ರಾಂ ವಯಲ್, 20 ಪರ್ಸೆಂಟ್ ಆಲ್ಬುಮಿನ್, ಗಾಳಿ, ಎರಡು ಸಿರಿಂಜ್, ನಡುವೆ ತ್ರೀ ವೇ ಜೋಡಣೆ. ಆ ಕಡೆ ಈ ಕಡೆ ತಳ್ಳುತ್ತಿದ್ದರೆ ಒಂದು ಹಂತದಲ್ಲಿ ಬೆರಳಿಗೆ ಗೊತ್ತಾಗುತ್ತೆ: ಪ್ಲಂಜರ್ ಭಾರವಾಗುತ್ತೆ, ಸದ್ದು ನಿಲ್ಲುತ್ತೆ. ಶೇವಿಂಗ್ ಕ್ರೀಮಿನಷ್ಟು ಗಟ್ಟಿಯಾಗಬೇಕು. ಬೆಳಕು ಬಿದ್ದರೆ ಡಾಕ್ಸಿ ಕೆಡುತ್ತೆ. ಅದಕ್ಕೆ ಸಿರಿಂಜಿಗೆ ಫಾಯಿಲ್ ಸುತ್ತುತ್ತೇವೆ. ಮೊದಲ ಸಲ ಕ್ಯಾಂಟೀನಿನಿಂದ ಚಪಾತಿ ಫಾಯಿಲ್ ತರಿಸಿದ್ದೆವು. ಮೂರರ ಅಳತೆ ಎಷ್ಟೆಷ್ಟು, ಯಾವುದು ಮೊದಲು ಅಂತ ಇಲ್ಲಿ ಬರೆಯೋದಿಲ್ಲ. ಅದನ್ನು ಕೈಯಲ್ಲೇ ಕಲಿಯಬೇಕು, ಬನ್ನಿ, ತೋರಿಸುತ್ತೇನೆ. ಸ್ಕ್ರೂ ಇರೋ ಮೂಳೆಯಲ್ಲಿ ಎರಡನೇ ಸೂಜಿಯ ಕೋನವೂ ಅಷ್ಟೇ.

ಆಲ್ಬುಮಿನ್ ದುಬಾರಿ ಅಂತ ಒಮ್ಮೆ ರೋಗಿಯ ಪ್ಲಾಸ್ಮಾದಿಂದಲೇ ನೊರೆ ಬರುತ್ತಾ ಅಂತ ಟೇಬಲ್ ಮೇಲೆ ನೋಡಿದೆವು. ಬಂತು, ಎರಡು ನಿಮಿಷಕ್ಕೆ ಒಡೆಯಿತು. ರಕ್ತ ನಿಲ್ಲಿಸೋಕೆ ಬಳಸೋ ಜೆಲ್‌ಫೋಮ್ ಪುಡಿ ಬೆರೆಸಿದರೆ ಸೂಜಿಯೇ ಕಟ್ಟಿಕೊಂಡಿತು. ವಾಪಸ್ ಆಲ್ಬುಮಿನ್‌ಗೇ ಬಂದೆವು.

ಹುಡುಗನಿಗೆ ಮೊದಲ ಸಲ ಹಾಕಿದ ಮೇಲೆ ಏನೂ ಬದಲಾಗಲಿಲ್ಲ. ಆರೆಂಟು ವಾರ ಬಿಟ್ಟು ಮತ್ತೆ ಹಾಕಿದಾಗ ರಾತ್ರಿಯಿಡೀ ನೋವು, ಅರಿವಳಿಕೆ ವೈದ್ಯರು ನನ್ನ ಮೇಲೆ ರೇಗಿದರು. ಆಮೇಲಿನ ಎಂಆರ್‌ಐನಲ್ಲಿ ಊತ ಜಾಸ್ತಿಯೇ ಕಂಡಿತು. ಮೀಟಿಂಗಿನಲ್ಲಿ "ಬೆಳೀತಾ ಇದೆ, ತೆರೆದುಬಿಡು" ಅಂದರು. ಎಷ್ಟೋ ಜನ ಇಲ್ಲೇ ಕೈಬಿಟ್ಟು ಮತ್ತೆ ಕೊಯ್ಯುತ್ತಾರೆ. ಕಾಲಿನ ಶಕ್ತಿ ಸರಿಯಿತ್ತು, ಸ್ವಲ್ಪ ದಿನ ಸ್ಟೆರಾಯ್ಡ್ ಕೊಟ್ಟು ಕಾದೆ. ಈ ಹಂತದಲ್ಲಿ ಎಂಆರ್‌ಐ ನಂಬಬೇಡಿ, ತೆಳು ಸ್ಲೈಸ್ ಸಿಟಿ ನೋಡಿ. ನಾಲ್ಕನೆಯದೋ ಐದನೆಯದೋ ಸಲದ ಹೊತ್ತಿಗೆ ಡ್ಯೂರಾ ಪಕ್ಕದ ಗೋಡೆಯಲ್ಲಿ ಕೂದಲಿನಷ್ಟು ಬಿಳಿ ಗೆರೆ ಬಂತು. ಅಲ್ಲಿಂದ ಒಳಗೆ ತುಂಬುತ್ತಾ ಹೋಯಿತು. ಮೂರು ವರ್ಷವಾಗಿರಬೇಕು, ಈಗ ಸೈಕಲ್ ಹೊಡೆದುಕೊಂಡು ಶಾಲೆಗೆ ಹೋಗುತ್ತಾನೆ.

ಆಮೇಲೆ ಹತ್ತು ಹನ್ನೆರಡು ಕೇಸು ಆಗಿವೆ. ಒಂದರಲ್ಲಿ ಗೆಲ್ಲಲಿಲ್ಲ, ಕೊನೆಗೆ ಪೂರ್ತಿ ತೆಗೆಯಬೇಕಾಯಿತು. ಒಬ್ಬ ನೋವು ಹೋದ ಮೇಲೆ ಬರೋದನ್ನೇ ಬಿಟ್ಟ. ಎಂಟು ವರ್ಷದೊಳಗಿನ ಮಕ್ಕಳಾದರೆ ಹಲ್ಲಿಗೆ ಬಣ್ಣ ಬರಬಹುದು ಅಂತ ತಂದೆತಾಯಿಗೆ ಮೊದಲೇ ಹೇಳುತ್ತೇನೆ.

ದುಡ್ಡಿನ ವಿಷಯ. ಡಾಕ್ಸಿ ವಯಲ್‌ಗೆ ಕೆಲವು ನೂರು, ಆಲ್ಬುಮಿನ್ ಬಾಟಲಿಗೆ ಕೆಲವು ಸಾವಿರ. ಸಿಟಿ, ಜಿಎ ಸೇರಿ ಒಂದು ಸಲಕ್ಕೆ 25 ಸಾವಿರದ ಆಚೀಚೆ. ಐದು ಸಲ ಆದರೂ ಒಂದು ದೊಡ್ಡ ಆಪರೇಷನ್‌ಗಿಂತ ಕಡಿಮೆ. ತಲೆನೋವು ಬಿಲ್ಲಿನದು. ಒಂದು ವಿಮಾ ಕಂಪನಿ "ಆ್ಯಂಟಿಬಯೋಟಿಕ್ ಇಂಜೆಕ್ಷನ್‌ಗೆ ಅಡ್ಮಿಷನ್ ಯಾಕೆ?" ಅಂತ ಫೈಲ್ ವಾಪಸ್ ಕಳಿಸಿತು. ಆಮೇಲಿಂದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಔಷಧಿಯ ಹೆಸರು ಕೆಳಗೆ, ಮೇಲೆ ದಪ್ಪ ಅಕ್ಷರದಲ್ಲಿ "ಸಿಟಿ ಗೈಡೆಡ್ ಸ್ಕ್ಲೆರೊಥೆರಪಿ, ಸ್ಪೈನಲ್ ಟ್ಯೂಮರ್, ಅಂಡರ್ ಜಿಎ".

ಕೇಸ್ ಕಳಿಸೋದಾದರೆ ಸ್ಕ್ರೂ ಹಾಕೋ ಮೊದಲೇ ಕಳಿಸಿ, ಲೋಹದ ನೆರಳಿನಲ್ಲಿ ಸೂಜಿ ಹುಡುಕೋದು ಕಷ್ಟ. ಫಿಲ್ಮ್ ಕಿಟಕಿಗೆ ಹಿಡಿದು ತೆಗೆದ ವಾಟ್ಸ್ಆ್ಯಪ್ ಫೋಟೊ ಬೇಡ. ಸ್ಕ್ಯಾನಿನ ಮೂಲ ಫೈಲ್ ಇರೋ ಡೈಕಾಮ್ ಸಿಡಿ, ಜೊತೆಗೆ ಬಯಾಪ್ಸಿ ತುಣುಕಿನ ಮೇಣದ ಬ್ಲಾಕ್ ಕೊಟ್ಟು ಕಳಿಸಿ.