ಐಪಿ ಅಡ್ರೆಸ್ ಹಂಚೋ ರೂಲ್ಸ್ ಬದಲಾಯಿಸ್ಬೇಕಾ? ಪ್ರಪೋಸಲ್ ಹಾಕೋದು ಹೀಗೆ

ಇವತ್ತು ಹಾವೇರಿನೋ ಚಿಂತಾಮಣಿನೋ ಯಾವ್ದೋ ಊರಲ್ಲಿ ಹೊಸದಾಗಿ ಐಎಸ್‌ಪಿ (ಇಂಟರ್ನೆಟ್ ಕೊಡೋ ಕಂಪನಿ) ಲೈಸೆನ್ಸ್ ತಗೊಂಡು, ಕಂಬದಿಂದ ಕಂಬಕ್ಕೆ ಫೈಬರ್ ಎಳೆದು ಬ್ರಾಡ್‌ಬ್ಯಾಂಡ್ ಶುರು ಮಾಡಿದ್ರೆ ನಿಮಗೆ ಸಿಗೋ ಐಪಿವಿ4 ಅಡ್ರೆಸ್, ಅಂದ್ರೆ ಇಂಟರ್ನೆಟ್‌ನಲ್ಲಿ ಒಂದೊಂದು ಕನೆಕ್ಷನ್ ಗುರುತಿಸೋ ಹಳೇ ಮಾದರಿ ನಂಬರ್, ಹೆಚ್ಚಂದ್ರೆ 512. ಕಸ್ಟಮರ್ಸ್ ಐದು ಸಾವಿರ ಆದ್ರೂ ಅಷ್ಟೇ. ಆಮೇಲೆ ಒಂದೊಂದು ಅಡ್ರೆಸ್ ಹಿಂದೆ ಹತ್ತಾರು ಮನೆ ಸೇರಿಸಿ ನ್ಯಾಟ್ (ಒಂದೇ ಅಡ್ರೆಸ್‌ನ ಹಲವರಿಗೆ ಹಂಚೋದು) ಮಾಡ್ಬೇಕು, ಯಾವ ಮನೆ ಯಾವ ಹೊತ್ತಲ್ಲಿ ಯಾವ ಪೋರ್ಟ್ (ಆ ಅಡ್ರೆಸ್ ಒಳಗಿನ ಕನೆಕ್ಷನ್ ನಂಬರ್) ಬಳಸ್ತು ಅಂತ ಲಾಗ್ ಇಟ್ಕೋಬೇಕು ಯಾಕಂದ್ರೆ ಅದು ಲೈಸೆನ್ಸ್ ಷರತ್ತು, ಸಾಲದು ಅಂದ್ರೆ ಮಾರ್ಕೆಟ್‌ನಲ್ಲಿ ಒಂದೊಂದು ಅಡ್ರೆಸ್‌ಗೆ ಸಾವಿರ ರೂಪಾಯಿ ಮೇಲೆ ಕೊಟ್ಟು ಬೇರೆಯವರ ಹತ್ರ ಕೊಂಡ್ಕೋಬೇಕು. ಈ 512 ಅನ್ನೋ ಮಿತಿನ ಕೇಂದ್ರ ಸರ್ಕಾರ ಹಾಕಿದ್ದಲ್ಲ, ಅಮೆರಿಕಾನೂ ಹಾಕಿದ್ದಲ್ಲ. 2019ರ ಫೆಬ್ರವರಿಲಿ ದಕ್ಷಿಣ ಕೊರಿಯಾದ ಡೇಜಾನ್ ಊರಲ್ಲಿ ಎಪಿನಿಕ್ 47 ಅಂತ, ಏಷ್ಯಾ ಪೆಸಿಫಿಕ್‌ಗೆ ಅಡ್ರೆಸ್ ಹಂಚೋ ಎಪಿನಿಕ್ ಸಂಸ್ಥೆಯ ಒಂದು ಮೀಟಿಂಗ್ ನಡೀತು, ಅಲ್ಲಿ ಪ್ರಾಪ್-127 ಅನ್ನೋ ಪ್ರಪೋಸಲ್‌ಗೆ ಒಪ್ಪಿಗೆ ಸಿಕ್ತು, 1024 ಇದ್ದಿದ್ದು 512 ಆಯ್ತು. ಆ ಪ್ರಪೋಸಲ್ ಬರೆದಿದ್ದೂ ನಮ್ಮಂಗೆ ನೆಟ್‌ವರ್ಕ್ ಕೆಲಸ ಮಾಡೋ ಜನಾನೇ.

ಅಂದ್ರೆ ನೀವೂ ಬರೀಬಹುದು. ಮೆಂಬರ್ ಆಗಿರ್ಬೇಕು ಅಂತಿಲ್ಲ, ಫೀಸ್ ಇಲ್ಲ, ದೊಡ್ಡ ಕಂಪನಿಲಿ ಇರ್ಬೇಕು ಅಂತಾನೂ ಇಲ್ಲ. ಇದು ನಮ್ಮ ಕಡೆ ಕೇಬಲ್, ಬ್ರಾಡ್‌ಬ್ಯಾಂಡ್ ನಡೆಸೋ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಅದಕ್ಕೇ ಇದನ್ನ ಬಿಡಿಸಿ ಬರೀತಿದೀನಿ.

ಮೊದಲು ಯಾರು ಏನು ಅಂತ ಬೇಗ ನೋಡ್ಬಿಡೋಣ. ಐಪಿವಿ4 ಅಡ್ರೆಸ್ ಪ್ರಪಂಚಕ್ಕೆಲ್ಲ ಸೇರಿ ಸುಮಾರು 430 ಕೋಟಿ. ಮೇಲೆ ಇಡೀ ಪ್ರಪಂಚದ ಲೆಕ್ಕ ನೋಡ್ಕೊಳ್ಳೋ ಐಯಾನಾ, ಅದರ ಕೆಳಗೆ ಐದು ಪ್ರಾದೇಶಿಕ ರಿಜಿಸ್ಟ್ರಿ (ಅಡ್ರೆಸ್ ಹಂಚಿ ದಾಖಲೆ ಇಡೋ ಸಂಸ್ಥೆ): ಉತ್ತರ ಅಮೆರಿಕಾಗೆ ಆರಿನ್, ಯೂರೋಪ್ ಮತ್ತು ಮಧ್ಯಪ್ರಾಚ್ಯಕ್ಕೆ ರೈಪ್, ಲ್ಯಾಟಿನ್ ಅಮೆರಿಕಾಗೆ ಲ್ಯಾಕ್ನಿಕ್, ಆಫ್ರಿಕಾಗೆ ಆಫ್ರಿನಿಕ್, ಏಷ್ಯಾ ಪೆಸಿಫಿಕ್‌ಗೆ ಎಪಿನಿಕ್. ಎಪಿನಿಕ್ ಆಫೀಸ್ ಇರೋದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ, ಅಫ್ಘಾನಿಸ್ತಾನದಿಂದ ಹಿಡಿದು ಪೆಸಿಫಿಕ್ ಸಾಗರದ ಚಿಕ್ಕ ಚಿಕ್ಕ ದ್ವೀಪಗಳ ತನಕ 56 ಎಕಾನಮಿ (ದೇಶ, ಪ್ರದೇಶ) ಅದರ ವ್ಯಾಪ್ತಿಗೆ ಬರತ್ತೆ. ಇಂಡಿಯಾ ಮಟ್ಟಿಗೆ ಅದರ ಕೆಳಗೆ ಇಲ್ಲಿ ಅಡ್ರೆಸ್ ಹಂಚೋ ಐರಿನ್ ಇದೆ, ನಿಕ್ಸಿ ಅನ್ನೋ ಸಂಸ್ಥೆ ನಡೆಸೋದು, 2012ರಿಂದ. ಐರಿನ್ ತನ್ನಿಷ್ಟಕ್ಕೆ ಬೇರೆ ಲೆಕ್ಕ ಹಾಕೋ ಹಾಗಿಲ್ಲ, ಎಪಿನಿಕ್ ಪಾಲಿಸಿಗೆ ಹೊಂದ್ಕೊಂಡೇ ಹಂಚ್ಬೇಕು.

ಹಳೇ ಮೈಸೂರು ಕಡೆ ಕೆರೆ ನೀರು ಬಿಡೋಕೆ ನೀರುಗಂಟಿ ಇರ್ತಿದ್ದ ನೋಡಿ, ತೂಬು ಎತ್ತೋದು ಇಳಿಸೋದು ಅವನ ಕೆಲಸ ಆದ್ರೆ ಯಾರಿಗೆ ಎಷ್ಟು ನೀರು ಅನ್ನೋದು ಊರವರು ಕೂತು ಮಾಡಿದ ಕಟ್ಟಳೆ. ಎಪಿನಿಕ್ ಆಫೀಸ್‌ನವರೂ ಹಾಗೇನೇ, ರೂಲ್ ಮಾಡೋರು ಅವರಲ್ಲ, ಚರ್ಚೆಗೆ ಸೇರೋ ನಮ್ಮಂಥವರ ಸಮುದಾಯ. ಇದು ತಲೇಲಿ ಇರ್ಲಿ, ಯಾಕಂದ್ರೆ ಸುಮಾರು ಜನ ಆಫೀಸ್‌ಗೆ ಕಂಪ್ಲೇಂಟ್ ಬರೆದು ಕಾಯ್ತಾ ಕೂರ್ತಾರೆ, ಅವರು ರೂಲ್ ಬದಲಾಯಿಸೋಕೆ ಆಗಲ್ಲ ಅನ್ನೋದು ಗೊತ್ತಿರಲ್ಲ.

ನಿಮ್ಮ ತೊಂದ್ರೆ ಪಾಲಿಸಿದೇನಾ ಅಂತ ಮೊದಲು ನೋಡ್ಕೊಳಿ

ಅರ್ಜಿ ಹಾಕಿ ತಿಂಗಳಾದ್ರೂ ಉತ್ತರ ಬಂದಿಲ್ಲ ಅನ್ನೋದು ಪಾಲಿಸಿ ಸಮಸ್ಯೆ ಅಲ್ಲ, ಸರ್ವೀಸ್ ಸಮಸ್ಯೆ. ವಾರ್ಷಿಕ ಫೀಸ್ ಜಾಸ್ತಿ ಅನ್ನೋದು ಎಪಿನಿಕ್‌ನ ಆಡಳಿತ ಮಂಡಳಿ, ಅಂದ್ರೆ ಎಕ್ಸಿಕ್ಯೂಟಿವ್ ಕೌನ್ಸಿಲ್ ವಿಷಯ. ನ್ಯಾಟ್ ಲಾಗ್ ಎಷ್ಟು ದಿನ ಇಡ್ಬೇಕು ಅನ್ನೋದು ಟೆಲಿಕಾಂ ಇಲಾಖೆದು. ಪಾಲಿಸಿ ಅಂದ್ರೆ ಯಾರಿಗೆ ಅಡ್ರೆಸ್ ಸಿಗತ್ತೆ, ಎಷ್ಟು ಸಿಗತ್ತೆ, ಏನು ತೋರಿಸ್ಬೇಕು, ಸಿಕ್ಕಿದ್ದನ್ನ ಇನ್ನೊಬ್ಬರಿಗೆ ವರ್ಗ ಮಾಡ್ಬಹುದಾ, ಬಳಸದೇ ಇದ್ರೆ ವಾಪಸ್ ತಗೋತಾರಾ, ರಿಜಿಸ್ಟ್ರಿಲಿ ಯಾರ ಹೆಸರು ಇರ್ಬೇಕು, ಇಂಥವು. ಇವುಗಳಲ್ಲಿ ಯಾವುದಾದ್ರೂ ನಿಮಗೆ ಅಡ್ಡ ಆಗ್ತಿದ್ರೆ ಮುಂದಕ್ಕೆ ಹೋಗಿ.

ಹಳೇ ಪ್ರಪೋಸಲ್ ಓದದೇ ಹೊಸದು ಬರೀಬೇಡಿ

ಎಪಿನಿಕ್ ವೆಬ್‌ಸೈಟ್‌ನಲ್ಲಿ ಇವತ್ತಿನ ತನಕ ಬಂದ ಪ್ರಪೋಸಲ್ ಎಲ್ಲಾ ನಂಬರ್ ಪ್ರಕಾರ ಇದಾವೆ, ಪಾಸಾದವು, ಬಿದ್ದುಹೋದವು, ಬರೆದವರೇ ವಾಪಸ್ ತಗೊಂಡವು, ಎಲ್ಲಾನೂ. ಈ ಓದಿಗೆ ಸ್ವಲ್ಪ ಟೈಮ್ ಕೊಡಿ, ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಹೆಚ್ಚು ಲಾಭ ಇರೋದು ಇಲ್ಲೇ. 103ರಿಂದ ಶುರುವಾಗೋ ಅಡ್ರೆಸ್‌ಗಳ ಕತೆನೇ ತಗೊಳಿ. 2011ರ ಫೆಬ್ರವರಿ 3ಕ್ಕೆ ಐಯಾನಾ ಹತ್ರ ಉಳಿದಿದ್ದ ಕೊನೇ ಐದು ದೊಡ್ಡ ಬ್ಲಾಕ್‌ಗಳನ್ನ ಐದೂ ರಿಜಿಸ್ಟ್ರಿಗೆ ಒಂದೊಂದು ಕೊಟ್ರು, ಎಪಿನಿಕ್‌ಗೆ ಬಂದಿದ್ದು 103. ಏಪ್ರಿಲ್ ಹೊತ್ತಿಗೆ ಬೇರೆ ಸ್ಟಾಕ್ ಎಲ್ಲಾ ಮುಗಿದು ಎಪಿನಿಕ್ ಈ ಕೊನೇ ಬ್ಲಾಕ್‌ಗೆ ಕೈ ಹಾಕ್ತು, ಐದು ರಿಜಿಸ್ಟ್ರಿಲಿ ಮೊದಲು ಖಾಲಿ ಆಗಿದ್ದು ನಮ್ಮದೇ. ಈ ದಿನ ಬರತ್ತೆ ಅಂತ ಮೊದಲೇ ಗೊತ್ತಿದ್ದಕ್ಕೆ ಪ್ರಾಪ್-062 ಅಂತ ಒಂದು ರೂಲ್ ರೆಡಿ ಮಾಡಿಟ್ಟಿದ್ರು, ಕೊನೇ ಬ್ಲಾಕ್‌ನಿಂದ ಯಾರಿಗೇ ಆಗ್ಲಿ ಒಂದು ಸಲ, 1024 ಮಾತ್ರ ಅಂತ. ಆ ಒಂದು ರೂಲ್ ಇಲ್ದೇ ಇದ್ದಿದ್ರೆ ದೊಡ್ಡ ಟೆಲಿಕಾಂ ಕಂಪನಿಗಳು ಎರಡು ಮೂರು ಅರ್ಜಿಲೇ ಎಲ್ಲಾ ಗುಡಿಸ್ಕೊಂಡು ಹೋಗಿರೋವು, 2015ರಲ್ಲಿ ಶುರುವಾದ ಸಣ್ಣ ಐಎಸ್‌ಪಿಗೆ ಒಂದು ಅಡ್ರೆಸ್ಸೂ ಉಳೀತಿರ್ಲಿಲ್ಲ.

ಆ ಬ್ಲಾಕ್‌ನಲ್ಲಿ ಇರೋದು 1,67,77,216 ಅಡ್ರೆಸ್. ತಲಾ 1024 ಅಂದ್ರೆ 16,384 ಜನಕ್ಕೆ ಸಾಕು. 512 ಮಾಡಿದ್ರೆ ಇನ್ನೂ ಉಳಿದಿರೋ ಭಾಗ ಎರಡರಷ್ಟು ಜನಕ್ಕೆ ಬರತ್ತೆ. ಪ್ರಾಪ್-127 ಹಿಂದೆ ಇದ್ದ ಲೆಕ್ಕ ಇಷ್ಟೇ, ನಾಳೆ ಬರೋರಿಗೆ ಸ್ವಲ್ಪ ಇರ್ಲಿ ಅನ್ನೋದು. ಇವತ್ತು ಅರ್ಜಿ ಹಾಕೋರಿಗೆ ಅರ್ಧ ಕಮ್ಮಿ ಆಯ್ತು ನಿಜ, ಆದ್ರೂ ಅದು ಸರಿಯಾದ ತೀರ್ಮಾನ ಅಂತಾನೇ ನನಗನ್ಸೋದು.

ನಡುವೆ ಇನ್ನೊಂದು ನಡೀತು. ಕೆಲವರು 103 ಅಡ್ರೆಸ್ ತಗೊಂಡು ನೆಟ್‌ವರ್ಕ್ ಕಟ್ಟದೇ ಮಾರ್ಕೊಳ್ಳೋಕೆ ಶುರು ಮಾಡ್ಬಹುದು ಅನ್ನೋ ಚಿಂತೆಗೆ 2017ರಲ್ಲಿ ಪ್ರಾಪ್-116 ಬಂತು, ಕೊಟ್ಟ ಮೇಲೆ ಐದು ವರ್ಷ ವರ್ಗ ಮಾಡೋ ಹಾಗಿಲ್ಲ ಅಂತ. ಒಳ್ಳೇದೇ, ಆದ್ರೆ ಆ ರೂಲ್ ಬರೋಕೆ ಮುಂಚೆನೇ ತಗೊಂಡಿದ್ದವರು ಸಿಕ್ಕಿಹಾಕ್ಕೊಂಡ್ರು, 2018ರಲ್ಲಿ ಅದನ್ನ ಸರಿ ಮಾಡೋಕೆ ಇನ್ನೊಂದು ಪ್ರಪೋಸಲ್, ಪ್ರಾಪ್-123. ಇದನ್ನ ಓದಿದ್ರೆ ನಿಮ್ಮ ಪ್ರಪೋಸಲ್‌ನಲ್ಲಿ ಈಗಾಗ್ಲೇ ಅಡ್ರೆಸ್ ಇಟ್ಕೊಂಡಿರೋರಿಗೆ ಏನಾಗತ್ತೆ ಅನ್ನೋ ಸಾಲು ಬರೆಯೋಕೆ ಯಾರೂ ಹೇಳ್ಕೊಡೋದೇ ಬೇಡ.

ಸಮಸ್ಯೆ ಏನು ಅನ್ನೋ ಪ್ಯಾರಾ

ಪ್ರಪೋಸಲ್‌ಗೆ ಒಂದು ಟೆಂಪ್ಲೇಟ್ ಇದೆ. ಸಮಸ್ಯೆ ಏನು, ಬದಲಾವಣೆ ಉದ್ದೇಶ ಏನು, ಬೇರೆ ನಾಲ್ಕು ರಿಜಿಸ್ಟ್ರಿಲಿ ಪರಿಸ್ಥಿತಿ ಹೇಗಿದೆ, ನೀವು ಹೇಳೋ ಪರಿಹಾರ, ಅದರ ಲಾಭ ನಷ್ಟ, ಈಗಿನ ಮೆಂಬರ್‌ಗಳ ಮೇಲೆ ಪರಿಣಾಮ. ಎಲ್ಲಾ ಸೇರಿ ಎರಡು ಪುಟ ಸಾಕು. ಆದ್ರೆ ಮೊದಲನೇ ಪ್ಯಾರಾಗೆ ಉಳಿದಿದ್ದಕ್ಕೆಲ್ಲ ಹಾಕೋ ಶ್ರಮದ ಎರಡರಷ್ಟು ಹಾಕಿ. ಜನ ಪರಿಹಾರದ ಜೊತೆ ಜಗಳ ಆಡ್ತಾರೆ ಅನ್ಕೋತೀವಿ, ಹಾಗಲ್ಲ, ಹೆಚ್ಚಿನ ಪ್ರಪೋಸಲ್ ಎಡವೋದು ಇಲ್ಲೇ, ಇದು ನಿಜವಾಗ್ಲೂ ಸಮಸ್ಯೆನಾ ಅನ್ನೋ ಪ್ರಶ್ನೆಲಿ.

"ಸಣ್ಣ ಐಎಸ್‌ಪಿಗಳಿಗೆ ಅನ್ಯಾಯ ಆಗ್ತಿದೆ" ಅಂತ ಬರೆದ್ರೆ ಎಲ್ಲರೂ ಹೌದು ಪಾಪ ಅಂತಾರೆ, ಅಲ್ಲಿಗೆ ಮುಗೀತು. ಅದರ ಬದ್ಲು ಪಾಲಿಸಿ ಪುಸ್ತಕದ ಯಾವ ಸೆಕ್ಷನ್, ಅದರಲ್ಲಿ ಯಾವ ಮಾತು, ಆ ಮಾತಿನಿಂದ ಯಾವ ಥರದ ಅರ್ಜಿ ನಿಲ್ತಿದೆ ಅಂತ ಬರೀರಿ. ನಿಮ್ಮದೇ ನೆಟ್‌ವರ್ಕ್ ಉದಾಹರಣೆ ಕೊಡಿ, ಎಷ್ಟು ಮನೆ, ಎಷ್ಟು ಅಡ್ರೆಸ್, ಪೋರ್ಟ್ ಎಲ್ಲಿ ಸಾಲ್ತಿಲ್ಲ. ಬಾಂಗ್ಲಾದೇಶದವರೋ ಫಿಜಿಯವರೋ ಅದನ್ನ ಓದಿ ನಮ್ಮಲ್ಲೂ ಇದೇ ಕತೆ ಅಂದ್ರೆ ಅರ್ಧ ದಾರಿ ಮುಗೀತು, ಯಾಕಂದ್ರೆ ಇದು ಪ್ರಾದೇಶಿಕ ಪಾಲಿಸಿ, ಒಂದು ದೇಶದ ತೊಂದ್ರೆಗೆ 56 ಕಡೆ ರೂಲ್ ಬದಲಾಯಿಸೋಕೆ ಯಾರೂ ಸುಲಭಕ್ಕೆ ಒಪ್ಪಲ್ಲ.

ನಷ್ಟ ಏನು ಅನ್ನೋ ಜಾಗದಲ್ಲಿ "ಏನೂ ಇಲ್ಲ" ಅಂತ ಬರೀಬೇಡಿ. ತುಂಬಾ ಜನ ಹಾಗೆ ಬರೀತಾರೆ. ಪ್ರತಿ ರೂಲ್‌ಗೂ ನಷ್ಟ ಆಗೋರು ಇದ್ದೇ ಇರ್ತಾರೆ, ನೀವು ಬರೀದಿದ್ರೆ ಅವರೇ ಎದ್ದು ಹೇಳ್ತಾರೆ, ಆಗ ನೀವು ಮುಚ್ಚಿಟ್ಟ ಹಾಗೆ ಕಾಣತ್ತೆ. ಮಾತುಗಳೂ ಗಟ್ಟಿ ಇರ್ಬೇಕು. ಆಫ್ರಿನಿಕ್ ಕತೆ ಕೇಳಿರ್ತೀರ, ಮಾರಿಷಸ್‌ನಲ್ಲಿ ಅದರ ಆಫೀಸ್, ಅಡ್ರೆಸ್ ಬಳಕೆ ವಿಷಯಕ್ಕೆ ಒಂದು ಮೆಂಬರ್ ಕಂಪನಿ ಜೊತೆ ಜಟಾಪಟಿ ಆಗಿ 2021ರಲ್ಲಿ ಕೋರ್ಟ್ ಮೂಲಕ ಬ್ಯಾಂಕ್ ಅಕೌಂಟ್ ಫ್ರೀಜ್ ಆಯ್ತು, 2023ರಲ್ಲಿ ಆಡಳಿತ ಕೋರ್ಟ್ ನೇಮಿಸಿದ ರಿಸೀವರ್ ಕೈಗೆ ಹೋಯ್ತು. ತಗೊಂಡ ಅಡ್ರೆಸ್‌ನ ಎಲ್ಲಿ ಬಳಸ್ಬೇಕು, ಬಾಡಿಗೆಗೆ ಬಿಡ್ಬಹುದಾ ಅನ್ನೋದು ಇವತ್ತಿಗೂ ಎಲ್ಲಾ ಕಡೆ ಬಿಸಿ ಚರ್ಚೆ. ಒಂದು ಸಾಲಿಗೆ ಎರಡು ಅರ್ಥ ಬಂದ್ರೆ ಅದು ಒಂದಲ್ಲ ಒಂದಿನ ವಕೀಲರ ಮುಂದೆ ಹೋಗತ್ತೆ ಅಂತ ಅನ್ಕೊಂಡೇ ಬರೀರಿ.

ಕಳಿಸಿ, ಆಮೇಲೆ ಕೇಳಿಸ್ಕೊಳಿ

ಮೀಟಿಂಗ್‌ಗೆ ಕನಿಷ್ಠ ನಾಲ್ಕು ವಾರ ಮುಂಚೆ ಪ್ರಪೋಸಲ್ ಎಲ್ಲರ ಕೈಲೂ ಇರ್ಬೇಕು, ಹಂಗಾಗಿ ಅದಕ್ಕೂ ಮುಂಚೆನೇ ರೂಲ್‌ಗಳ ಚರ್ಚೆ ನಡೆಸೋ ಪಾಲಿಸಿ ಸಿಗ್ ಅನ್ನೋ ಗುಂಪಿನ ಚೇರ್‌ಗೆ (ಅಧ್ಯಕ್ಷರಿಗೆ) ಕಳಿಸಿ. ಚೇರ್, ಕೋ-ಚೇರ್ ಇವರೂ ಆಫೀಸ್‌ನವರಲ್ಲ, ಸಮುದಾಯದಿಂದ ಆರಿಸಿದವರು. ಅವರು ನೋಡಿ ನಂಬರ್ ಕೊಟ್ಟು ಎಲ್ಲರಿಗೂ ಹಂಚ್ತಾರೆ, ಚರ್ಚೆ ಶುರುವಾಗತ್ತೆ. ಸೆಕ್ರೆಟೇರಿಯಟ್‌ನವರು, ಅಂದ್ರೆ ಎಪಿನಿಕ್ ಆಫೀಸ್‌ನವರು, ಇದನ್ನ ಜಾರಿ ಮಾಡಿದ್ರೆ ಏನು ಪರಿಣಾಮ, ಸಿಸ್ಟಮ್‌ನಲ್ಲಿ ಏನು ಬದಲಾಯಿಸ್ಬೇಕು, ಯಾವ ಮಾತು ಅವರಿಗೆ ಸ್ಪಷ್ಟ ಆಗ್ತಿಲ್ಲ ಅಂತ ಒಂದು ವರದಿ ಕೊಡ್ತಾರೆ. ಅದನ್ನ ಮೂರು ಸಲ ಓದಿ, ಅದರಲ್ಲಿ ನಿಮ್ಮ ಪ್ರಪೋಸಲ್‌ನ ತೂತು ಎಲ್ಲಿದೆ ಅಂತ ಸಾಮಾನ್ಯವಾಗಿ ಸಿಕ್ಬಿಡತ್ತೆ.

ಟೀಕೆ ಬಂದಾಗ ತಿದ್ದಿ ಎರಡನೇ ವರ್ಷನ್ ಹಾಕಿ, ಬೇಕಾದ್ರೆ ಮೂರನೇದು. ತಿದ್ದಿದ್ರೆ ಸೋತ ಹಾಗಲ್ಲ. ಇಂಗ್ಲಿಷ್ ಬಗ್ಗೆನೂ ಹೆದರ್ಬೇಡಿ, ಜಪಾನ್, ವಿಯೆಟ್ನಾಂ, ಇಂಡೊನೇಷ್ಯಾದವರೆಲ್ಲ ಅವರವರ ಇಂಗ್ಲಿಷ್‌ನಲ್ಲೇ ಮಾತಾಡ್ತಾರೆ, ಮೀಟಿಂಗ್‌ನಲ್ಲಿ ಆಡಿದ ಮಾತು ಆಗಿಂದಾಗ್ಲೇ ಸ್ಕ್ರೀನ್ ಮೇಲೆ ಅಕ್ಷರದಲ್ಲೂ ಬರತ್ತೆ.

ಮೀಟಿಂಗ್ ದಿನ ಓಟ್ ಇಲ್ಲ

ವರ್ಷಕ್ಕೆ ಎರಡು ಸಲ ಓಪನ್ ಪಾಲಿಸಿ ಮೀಟಿಂಗ್ ನಡೆಯತ್ತೆ, ಬೇರೆ ಬೇರೆ ದೇಶದಲ್ಲಿ. ಡೆಲ್ಲಿಲೂ ಆಗಿದೆ, 2007ರಲ್ಲಿ ಮತ್ತೆ 2012ರಲ್ಲಿ. ಹೋಗೋಕಾಗಲ್ವಾ, ಆನ್‌ಲೈನ್‌ನಲ್ಲೇ ಸೇರಿ ಮಂಡಿಸ್ಬಹುದು. ಹೋಗೋ ಆಸೆ ಇದ್ರೆ ಫೆಲೋಶಿಪ್ ಇದೆ, ಅರ್ಜಿ ಹಾಕಿ.

ಇಲ್ಲಿ ಮುಖ್ಯವಾದ್ದು ಏನಂದ್ರೆ ತಲೆ ಎಣಿಸೋದಿಲ್ಲ. ಪರವಾ ವಿರುದ್ಧವಾ ಅಂತ ಒಂದು ಅಂದಾಜಿಗೆ ಅಭಿಪ್ರಾಯ ಕೇಳ್ತಾರೆ, ಆದ್ರೆ ತೀರ್ಮಾನ ಆಗೋದು ಆಕ್ಷೇಪದ ತೂಕದ ಮೇಲೆ. ಕೆಲವು ಮೆಂಬರ್‌ಗೆ ಸ್ವಲ್ಪ ಕಷ್ಟ ಆಗ್ಬಹುದು ಅನ್ನೋದು ಸಣ್ಣ ಆಕ್ಷೇಪ, ಅದಿದ್ರೂ ಚೇರ್ ಒಮ್ಮತ ಅಂತ ಘೋಷಿಸ್ಬಹುದು. ಸಮುದಾಯದ ಒಂದು ಭಾಗಕ್ಕೆ ದೊಡ್ಡ ಏಟು ಬೀಳತ್ತೆ ಅನ್ನೋದು ದೊಡ್ಡ ಆಕ್ಷೇಪ, ಅದಕ್ಕೆ ಉತ್ತರ ಸಿಗೋ ತನಕ ಮುಂದೆ ಹೋಗಲ್ಲ. ಹೀಗಾಗಿ ಮೀಟಿಂಗ್‌ಗೆ ನಿಮ್ಮ ಕಡೆ ಐವತ್ತು ಜನನ್ನ ಕರ್ಕೊಂಡ್ಬಂದು ಪ್ಲಸ್ ಒನ್ (ನಮ್ಮದೂ ಒಪ್ಪಿಗೆ) ಅನ್ಸಿದ್ರೆ ಏನೂ ಆಗಲ್ಲ, ಎದುರು ನಿಂತಿರೋ ಇಬ್ಬರ ಪ್ರಶ್ನೆಗೆ ಉತ್ತರ ಕೊಟ್ರೆ ಆಗತ್ತೆ. ಮೀಟಿಂಗ್‌ಗೆ ಮುಂಚೆನೇ ಆ ಇಬ್ಬರು ಯಾರು ಅಂತ ಗೊತ್ತಿರತ್ತೆ, ಅವರ ಜೊತೆ ಕೂತು ಮಾತಾಡಿ.

ಅಲ್ಲಿ ಒಮ್ಮತ ಸಿಕ್ರೆ ಅದೇ ಸಮ್ಮೇಳನದ ಮೆಂಬರ್ ಮೀಟಿಂಗ್‌ನಲ್ಲಿ ಮತ್ತೆ ಕೇಳ್ತಾರೆ. ಅಲ್ಲೂ ಒಪ್ಪಿದ್ರೆ ನಾಲ್ಕು ವಾರಕ್ಕೆ ಕಮ್ಮಿ ಇಲ್ದ ಹಾಗೆ, ಎಂಟು ವಾರ ಮೀರದ ಹಾಗೆ ಕೊನೇ ಸಲ ಎಲ್ಲರ ಕಾಮೆಂಟ್‌ಗೆ ಬಿಡ್ತಾರೆ, ಮೀಟಿಂಗ್‌ಗೆ ಬರದೇ ಇದ್ದವರಿಗೂ ಒಂದು ಅವಕಾಶ ಅಂತ. ಕೊನೆಗೆ ಎಕ್ಸಿಕ್ಯೂಟಿವ್ ಕೌನ್ಸಿಲ್ ಅನುಮೋದನೆ, ಆಮೇಲೆ ಜಾರಿ. ಒಮ್ಮತ ಸಿಗ್ಲಿಲ್ಲ ಅಂದ್ರೆ ತಿದ್ಕೊಂಡು ಮುಂದಿನ ಮೀಟಿಂಗ್‌ಗೆ ತರ್ಬಹುದು, ಕೈಬಿಡ್ಲೂಬಹುದು.

ಐಪಿವಿ4ಗೇ ಇಷ್ಟು ಒದ್ದಾಟ ಯಾಕೆ, ಹೊಸ ಮಾದರಿ ಅಡ್ರೆಸ್ ಐಪಿವಿ6 ಇಲ್ವಾ ಅಂತ ಕೇಳೋರಿಗೆ, ಇದೆ, ಖಂಡಿತ ತಗೊಳಿ. ಐಎಸ್‌ಪಿಗೆ ಕೊಡೋ ಕನಿಷ್ಠ ಬ್ಲಾಕ್‌ನಲ್ಲೇ 65,536 ಗ್ರಾಹಕರಿಗೆ ಒಬ್ಬೊಬ್ಬರಿಗೂ ಪ್ರತ್ಯೇಕ ದೊಡ್ಡ ನೆಟ್‌ವರ್ಕ್ ಕೊಡೋಷ್ಟು ಜಾಗ ಇದೆ. 2016ರಲ್ಲಿ ಜಿಯೋ ಶುರುವಾದಾಗಿಂದ ಇಂಡಿಯಾ ಐಪಿವಿ6 ಬಳಕೆಲಿ ಪ್ರಪಂಚದ ಮುಂಚೂಣಿ ದೇಶಗಳ ಸಾಲಲ್ಲಿದೆ. ಆದ್ರೆ ಐಪಿವಿ4 ಮಾತ್ರ ಇರೋ ಸೈಟ್, ಹಳೇ ಡಿವಿಆರ್ (ಸಿಸಿಟಿವಿ ರೆಕಾರ್ಡರ್), ಹಳೇ ರೂಟರ್ ಇನ್ನೂ ಇರೋ ತನಕ ಎರಡೂ ಬೇಕು, ಐಪಿವಿ6 ಹಂಚೋ ರೂಲ್‌ಗಳೂ ಇದೇ ಟೇಬಲ್ ಮೇಲೆ ಇದೇ ರೀತಿ ತೀರ್ಮಾನ ಆಗೋದು. ಅದರಲ್ಲಿ ತಿದ್ಬೇಕಾದ್ದು ಕಂಡ್ರೆ ಅದರ ಮೇಲೂ ಪ್ರಪೋಸಲ್ ಹಾಕಿ.

ಪಾಸಾಯ್ತು ಅಂದ ಕೂಡ್ಲೇ ಬಿಟ್ಬಿಡ್ಬೇಡಿ. ಜಾರಿ ಆಗೋ ಮುಂಚೆ ಪಾಲಿಸಿ ಪುಸ್ತಕದ ಹೊಸ ಕರಡು ಪ್ರಕಟ ಆಗತ್ತೆ, ನೀವು ಬರೆದ ಸಾಲು ಅದರಲ್ಲಿ ಅದೇ ಅರ್ಥದಲ್ಲಿ ಬಂದಿದ್ಯಾ ನೋಡಿ, ಇಲ್ಲಾಂದ್ರೆ ಆಗ್ಲೇ ಹೇಳಿ. ಜಾರಿ ಆದ್ಮೇಲೆ ಐರಿನ್ ಅರ್ಜಿ ಫಾರ್ಮ್‌ನಲ್ಲೂ ಅದು ಬಂದಿದ್ಯಾ ಅಂತ ಚೆಕ್ ಮಾಡಿ, ಬಂದಿಲ್ಲ ಅಂದ್ರೆ ಪ್ರಪೋಸಲ್ ನಂಬರ್, ಜಾರಿ ದಿನಾಂಕ ಎರಡೂ ಹಾಕಿ ಅವರಿಗೆ ಒಂದು ಮೇಲ್ ಬರೀರಿ.