‘ಈ ಜನಾಂಗಕ್ಕೆ ಕ್ಯಾನ್ಸರ್ ಜಾಸ್ತಿ’ ಅಂತ ಸುದ್ದಿ ಬಂದರೆ ಹೇಗೆ ಓದಬೇಕು

ಹೋದ ತಿಂಗಳು ನಮ್ಮ ವೈನಿ ಮೊಬೈಲ್ ಹಿಡಿದುಕೊಂಡು ಬಂದರು. ಗರ್ಭಚೀಲದ ಬಾಯಿಯ ಕ್ಯಾನ್ಸರ್ ಕೆಲವು ಜನಾಂಗಗಳಿಗೆ ಹುಟ್ಟಿನಿಂದಲೇ ಜಾಸ್ತಿ ಅಂತ ಯಾರೋ ಕಳಿಸಿದ್ದರು. "ನಮ್ಮ ಮಂದಿ ಹೆಸರು ಇದರಾಗ ಇಲ್ಲ, ಅಂದ್ರ ನಮಗ ಬರೂದಿಲ್ಲ ಅಲ್ಲಾ?" ಅಂದರು. ಅವರಿಗೆ 42 ವರ್ಷ. ವಿಜಯಪುರದಲ್ಲೇ ಇದ್ದಾರೆ, ಆರೋಗ್ಯ ಕೇಂದ್ರ ನಡೆದು ಹೋಗುವಷ್ಟು ಹತ್ತಿರ, ಆದರೂ ಒಂದು ಸಲವೂ ತಪಾಸಣೆ ಆಗಿರಲಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇಂಥ ಸುದ್ದಿ ಓದುವಾಗ ಮೊದಲು ಕಾರಣ ಯಾವುದು ಅಂತ ನೋಡಿ. ಈ ಕ್ಯಾನ್ಸರ್ ಬರುವುದು ಹೆಚ್ಚುಕಡಿಮೆ ಪೂರ್ತಿ ಎಚ್‌ಪಿವಿ ಅನ್ನೋ ವೈರಸ್‌ನಿಂದ. ಅದರಲ್ಲೂ 16 ಮತ್ತು 18ನೇ ಬಗೆಗಳಿಂದಲೇ ಸುಮಾರು 70%. ವೈರಸ್ ತಗುಲಿದ ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ದೇಹವೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದುಬಿಡುತ್ತದೆ. ಯಾಕೆ ಉಳಿಯುತ್ತದೆ ಅನ್ನೋ ಪ್ರಶ್ನೆಯಲ್ಲೇ ಜೀನ್ ಮಾತು, ಅಂದರೆ ಅಪ್ಪ-ಅವ್ವನಿಂದ ಹುಟ್ಟಿನಲ್ಲೇ ಬರುವ ಗುಣದ ಮಾತು ಬರುವುದು.

ಎಪಿಎಂಸಿಯಲ್ಲಿ ದಲಾಲರು ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಜೋಳ ತೆಗೆದು ಅಂಗೈ ಮೇಲೆ ತೋರಿಸುತ್ತಾರಲ್ಲ, ನಮ್ಮ ಜೀವಕೋಶವೂ ಹಾಗೇ ಒಳಗೆ ಏನಿದೆ ಅಂತ ಒಂದೊಂದು ಚೂರು ಹೊರಗೆ ಹಿಡಿದು ತೋರಿಸುತ್ತದೆ. ಆ ಅಂಗೈಯೇ ಎಚ್‌ಎಲ್‌ಎ. ವೈರಸ್‌ನ ಚೂರು ಕಂಡರೆ ರಕ್ಷಣಾ ಕೋಶಗಳು ಆ ಜೀವಕೋಶವನ್ನು ಮುಗಿಸುತ್ತವೆ. ಎಲ್ಲರ ಅಂಗೈ ಒಂದೇ ಆಕಾರದ್ದಲ್ಲ, ಅದು ಅವರವರ ಜೀನ್ ಮೇಲೆ ಹೋಗುತ್ತದೆ. ಎಚ್‌ಎಲ್‌ಎ-ಡಿಆರ್‌ಬಿ1*13 ಅನ್ನೋ ಬಗೆ ಇರುವವರಿಗೆ ಅಪಾಯ ಸ್ವಲ್ಪ ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಯಾವ ಬಗೆ ಎಷ್ಟು ಜನರಲ್ಲಿದೆ ಅನ್ನೋದು ಜನಾಂಗದಿಂದ ಜನಾಂಗಕ್ಕೆ ಬೇರೆ.

ಆಮೇಲೆ, ಅಧ್ಯಯನ ಎಲ್ಲಿಯ ಜನರ ಮೇಲೆ ನಡೆದದ್ದು ಅಂತ ಹುಡುಕಿ. 2013ರಲ್ಲಿ ಸ್ವೀಡನ್ನಿನ ದೊಡ್ಡ ಅಧ್ಯಯನದಲ್ಲಿ ಸಿಕ್ಕ, ಅಪಾಯಕ್ಕೆ ಸಂಬಂಧಿಸಿದ ಜೀನ್ ಗುರುತುಗಳು 6ನೇ ಕ್ರೋಮೋಸೋಮಿನಲ್ಲಿ (ಜೀನ್‌ಗಳು ಇರುವ ಎಳೆಗೆ ಕ್ರೋಮೋಸೋಮ್ ಅಂತಾರೆ), ಎಚ್‌ಎಲ್‌ಎ ಇರುವ ಜಾಗದಲ್ಲೇ ಇದ್ದವು. ಅದೇ ವರ್ಷ ಚೀನಾದಲ್ಲಿ ಮಾಡಿದಾಗ ಆ ಜಾಗದ ಜೊತೆಗೆ 4 ಮತ್ತು 17ನೇ ಕ್ರೋಮೋಸೋಮಿನಲ್ಲೂ ಸಿಕ್ಕಿತು. ಹಾಗಿರುವಾಗ ಅಲ್ಲಿಯ ಲೆಕ್ಕವನ್ನು ನಮ್ಮ ಇಂಡಿ, ಸಿಂದಗಿ ಹೆಣ್ಣುಮಕ್ಕಳಿಗೆ ಹಾಗೇ ಹಚ್ಚೋದು ಹೇಗೆ?

‘20% ಜಾಸ್ತಿ’ ಅಂತ ಬರೆದಿದ್ದರೆ ಯಾವುದಕ್ಕಿಂತ ಅಂತ ಕೇಳಿ. ಸುಮ್ನೆ ಲೆಕ್ಕಕ್ಕೆ, ಸಾವಿರದಲ್ಲಿ 10 ಜನರಿಗೆ ಬರುವುದು 12 ಆದರೂ ಅದು 20% ಜಾಸ್ತಿಯೇ. ಇನ್ನು ‘ಕಡಿಮೆ ಅಪಾಯದ ಗುಂಪು’ ಅಂದರೂ ಆ ಗುಂಪಿನ ಹೆಂಗಸರಿಗೆ ಬರುವುದೇ ಇಲ್ಲ ಅಂತಲ್ಲ. ನನಗೆ ಹೆದರಿಕೆ ಆಗೋದು ಇಲ್ಲೇ. ಹೆಸರು ಇಲ್ಲ ಅಂತ ನಿಶ್ಚಿಂತೆಯಿಂದ ಕೂತವರು ತಪಾಸಣೆಗೆ ಹೋಗುವುದಿಲ್ಲ.

ತಪಾಸಣೆಯ ಬೆಲೆ ಎಷ್ಟು ಅಂತ ನಮ್ಮ ಪಕ್ಕದಲ್ಲೇ ನೋಡಿದ್ದಾರೆ. ಸೊಲ್ಲಾಪುರದ ಆಚೆ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗ ಧಾರಾಶಿವ ಅಂತಾರೆ, 1999ರಲ್ಲಿ ಶುರು ಮಾಡಿ 30ರಿಂದ 59 ವರ್ಷದ ಸುಮಾರು 1.3 ಲಕ್ಷ ಹೆಣ್ಣುಮಕ್ಕಳನ್ನು ಸೇರಿಸಿದರು. ಒಂದೇ ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ತೊಂದರೆ ಕಂಡವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ, ಹಾಗೆ ತಪಾಸಣೆ ಮಾಡದ ಗುಂಪಿಗೆ ಹೋಲಿಸಿದರೆ, ಈ ಕ್ಯಾನ್ಸರ್‌ನಿಂದ ಆಗುವ ಸಾವು ಸುಮಾರು ಅರ್ಧಕ್ಕೆ ಇಳಿಯಿತು ಅಂತ 2009ರಲ್ಲಿ ಪ್ರಕಟವಾಯಿತು. ಯಾರ ಜೀನನ್ನೂ ನೋಡಿ ಆರಿಸಿರಲಿಲ್ಲ, ವಯಸ್ಸು ನೋಡಿದ್ದರು ಅಷ್ಟೇ.

ಹಾಗಾಗಿ 30 ದಾಟಿದವರು ಆಶಾ ಅಕ್ಕನನ್ನು ಕೇಳಿ. ಸರ್ಕಾರದ ಕಾರ್ಯಕ್ರಮದಲ್ಲಿ 65 ವರ್ಷದವರೆಗೆ, ಐದು ವರ್ಷಕ್ಕೊಮ್ಮೆ ತಪಾಸಣೆ ಇದೆ. ಆ ತಿಂಗಳ ಮುಟ್ಟು ಮುಗಿದ ಮೇಲೆ ಹೋಗಿ. ಮಲಗಿಸಿ, ವಿನೆಗರ್‌ನಂಥ ನೀರು ಹಾಕಿದ ಹತ್ತಿಯನ್ನು ಗರ್ಭಚೀಲದ ಬಾಯಿಗೆ ಒತ್ತಿ, ಒಂದು ನಿಮಿಷ ಕಾದು ಬಿಳಿ ಮಚ್ಚೆ ಏಳುತ್ತದಾ ಅಂತ ನೋಡುತ್ತಾರೆ. ಸ್ವಲ್ಪ ಚುರುಕ್ ಅನ್ನಬಹುದು. ಮಚ್ಚೆ ಕಂಡರೆ ಕ್ಯಾನ್ಸರ್ ಅಂತಲ್ಲ, ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ, ಅದನ್ನು ಮಾತ್ರ ತಪ್ಪಿಸಬೇಡಿ. ವಯಸ್ಸಾಗಿ ಮುಟ್ಟು ಪೂರ್ತಿ ನಿಂತ ಮೇಲೆ ರಕ್ತ ಕಂಡರೆ, ಅಥವಾ ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋದರೆ, ಸರದಿ ಕಾಯದೆ ನೇರ ಡಾಕ್ಟರ್ ಹತ್ತಿರ ಹೋಗಿ. ಮನೆಯಲ್ಲಿ 9ರಿಂದ 14ರ ಹುಡುಗಿ ಇದ್ದರೆ ಎಚ್‌ಪಿವಿ ಲಸಿಕೆ ಬಗ್ಗೆಯೂ ಅವತ್ತೇ ಕೇಳಿ.

ವೈನಿ ಹೋದ ಗುರುವಾರ ಹೋಗಿ ಬಂದರು. ಅವ್ವನಿಗೆ 61. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಗೆ ಸರಿದಿರುತ್ತದೆ, ವಿನೆಗರ್ ತಪಾಸಣೆಯಲ್ಲಿ ಸರಿಯಾಗಿ ಕಾಣುವುದಿಲ್ಲ. ಅವಳಿಗೆ ಎಚ್‌ಪಿವಿ ಪರೀಕ್ಷೆ ಮಾಡಿಸಬೇಕು, ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಲು ಸೋಮವಾರ ನಾನೂ ಜೊತೆಗೆ ಹೋಗುತ್ತಿದ್ದೇನೆ.